ಚಾಸಿಗೆ ಹಚ್ಚಿದ ಪುಟ್ಟಿ

ಮೇಸ್ತ್ರಿಯ ಮಗಳು ಬೆನ್ನ ಮೇಲೆ ತೆವಳುತ್ತಾ ಗಾಡಿಯ ಕೆಳಗೆ ನುಗ್ಗಿದಾಗ, ಇವತ್ತಿಗೆಂದೇ ಇಸ್ತ್ರಿ ಮಾಡಿಟ್ಟಿದ್ದ ಅಂಗಿಗೆ ಅಂಗಳದ ಎಣ್ಣೆಯೆಲ್ಲ ಮೆತ್ತಿಕೊಂಡಿತು.

“ಇವತ್ತಾದ್ರೂ ಆ ಗಾಡಿ ಬಿಟ್ಟು ಬಾರೇ!” ಚಿಕ್ಕಪ್ಪ ಗದರಿದ. “ಅಪ್ಪನ್ನ ಮಣ್ಣು ಮಾಡೋ ದಿನ ಕಣೇ. ಜನ ಏನಂದ್ಕೋತಾರೆ?”

“ಒಂದ್ನಿಮಿಷ ಚಿಕ್ಕಪ್ಪ. ಯಾರೂ ಹತ್ತಬೇಡಿ.”

ಗಾಡಿ ರಿಪೇರಿ ಶೆಡ್ಡಿನ ಮೇಸ್ತ್ರಿಯಾಗಿದ್ದ ಅವಳಪ್ಪನ ಶವದ ಪೆಟ್ಟಿಗೆಯನ್ನು ಅವನದೇ ಇಪ್ಪತ್ತಾರು ವರ್ಷದ ಪಿಕಪ್ಪಿನಲ್ಲಿ ಒಯ್ಯಬೇಕೆಂದು ಚಿಕ್ಕಪ್ಪ ಹಟ ಹಿಡಿದಿದ್ದ. ಹಿಂದೆ ಪೆಟ್ಟಿಗೆಯ ಜೊತೆ ಎಂಟು ಜನ, ಸ್ಮಶಾನದವರೆಗೂ ಇಳಿಜಾರು. ಜಾಗ ಹಿಡಿಯುವ ಆತುರದಲ್ಲಿ ಇಬ್ಬರು ಆಗಲೇ ಹತ್ತಿ ಕೂತಾಗ ಕೆಳಗಿನಿಂದ ಕಟಕ್ಕೆಂದು ಸದ್ದು ಬಂತು. ಉಳಿದವರಿಗೆ ಅದು ಮುದಿ ಗಾಡಿಯ ನರಳಾಟ. ಹನ್ನೊಂದು ವರ್ಷ ಅಪ್ಪನ ಜೊತೆ ತುಕ್ಕು ಕೆರೆದವಳಿಗೆ ಹಾಗೆ ಕೇಳಲಿಲ್ಲ. ಇಬ್ಬರನ್ನೂ ಇಳಿಸಿ ಸ್ಕ್ರೂಡ್ರೈವರ್ ಹಿಡಿದು ಕೆಳಗೆ ಹೋದಳು.

ತುಕ್ಕು ಹಿಡಿಯುವ ಜಾಗಗಳು ಅವಳಿಗೆ ಬಾಯಿಪಾಠ. ಚಕ್ರದ ಮೇಲಿನ ಕಮಾನು, ಬಾಗಿಲ ಕೆಳಗಿನ ಪಟ್ಟಿ, ಕ್ಯಾಬಿನ್ನಿನ ಮೂಲೆ ಹೋದರೆ ಗಾಡಿಯ ಅಂದ ಹೋಯಿತು, ಅಷ್ಟೇ. ಹಿಂದಿನ ಆಕ್ಸಲ್ ಮೇಲೆ, ಇಡೀ ಭಾರ ಹೊರುವ ಚಾಸಿ ಬಾಗುವ ಕಡೆ ಕೆಸರು ಸೇರಿಕೊಂಡು ಒಳಗಿನಿಂದಲೇ ತಿನ್ನುತ್ತದಲ್ಲ, ಅದು ಹೋದರೆ ಮನುಷ್ಯರೇ ಹೋಗುತ್ತಾರೆ. ಅಲ್ಲಿಗೇ ಸ್ಕ್ರೂಡ್ರೈವರ್ ಒತ್ತಿದಳು. ಕರಿ ಬಣ್ಣ ಸಿಪ್ಪೆಯ ಹಾಗೆ ಎದ್ದು ಬಂತು. ಕೆಳಗೆ ಕಬ್ಬಿಣ ಇರಲಿಲ್ಲ, ತೂತು ಮುಚ್ಚಿ ಮೇಲೆ ಬಣ್ಣ ಬಳಿಯಲು ಮೆತ್ತುವ ಪುಟ್ಟಿ ಇತ್ತು. ಅದನ್ನು ಸವರಿದ ಹೆಬ್ಬೆರಳ ಗುರುತು ಅದರಲ್ಲೇ ಉಳಿದಿತ್ತು, ಆ ಬೆರಳಿಗೆ ತುದಿ ಇರಲಿಲ್ಲ. ತಗಡಿನ ಕತ್ತರಿಗೆ ಹೆಬ್ಬೆರಳ ತುದಿ ಕೊಟ್ಟವನು ಈ ಶೆಡ್ಡಿನಲ್ಲಿ ಒಬ್ಬನೇ, ಅಪ್ಪ.

*

ನಾಲ್ಕು ವರ್ಷದ ಹಿಂದೆ ಇದೇ ಅಂಗಳದಲ್ಲಿ ಮೇಸ್ತ್ರಿ, ಗಾಡಿಯಲ್ಲಿ ಮನೆಮನೆಗೆ ಹಾಲು ಹಾಕುವ ಹಾಲಿನವನ ಮಾನ ಹರಾಜು ಹಾಕಿದ್ದ.

“ಬನ್ರಪ್ಪಾ, ಎಲ್ರೂ ನೋಡಿ! ಚಾಸಿಗೆ ಪುಟ್ಟಿ ಹಚ್ಚಿ ಜನರನ್ನ ಹತ್ತಿಸ್ಕೊಂಡು ತಿರುಗ್ತಾನಂತೆ. ಏನಯ್ಯಾ, ಹೊಟ್ಟೆಗೇನು ತಿಂತೀಯ ನೀನು?”

“ವೆಲ್ಡಿಂಗಿಗೆ ಅಂತ ಎರಡು ವಾರ ಗಾಡಿ ನಿಲ್ಸಿದ್ರೆ ಹಾಲು ಕೆಡುತ್ತೆ ಮೇಸ್ತ್ರಿ.”

“ಕೆಡ್ಲಿ. ಜನ ಸಾಯೋದು ಬೇಡ.”

ಹಾಲಿನವನ ಮುಖ ಸಣ್ಣದಾಯಿತು. ಎರಡು ವಾರ ಗಾಡಿ ನಿಂತೇ ಬಿಟ್ಟಿತು, ಕಾಯಂ ಮನೆಗಳು ಕೈಬಿಟ್ಟವು. ಮೇಸ್ತ್ರಿಯ ಹೆಸರು ಮಾತ್ರ ಊರೆಲ್ಲ ಹಬ್ಬಿತು. ಅಂದಿನಿಂದ ಶೆಡ್ಡಿನ ಗೋಡೆಯ ಮೊಳೆಗಳಲ್ಲಿ ಗಿರಾಕಿಗಳು ರಿಪೇರಿಗೆ ಬಿಟ್ಟ ಗಾಡಿಗಳ ಕೀ ತಪ್ಪಿದ್ದೇ ಇಲ್ಲ.

*

ಕಳೆದ ವರ್ಷ ಅಮ್ಮನ ಮೂತ್ರಪಿಂಡ ಕೈಕೊಟ್ಟಿತು. ವಾರಕ್ಕೆ ಮೂರು ದಿನ ಡಯಾಲಿಸಿಸ್ಸಿಗೆ ಇದೇ ಗಾಡಿಯಲ್ಲಿ ಆಸ್ಪತ್ರೆ, ಒಂದು ದಿನವೂ ತಪ್ಪಿಸುವಂತಿಲ್ಲ, ಎರಡು ವಾರ ಗಾಡಿ ನಿಲ್ಲಿಸುವಂತೆಯೂ ಇಲ್ಲ. ಆಗಿನಿಂದ ಅಪ್ಪ ಗಾಡಿಯನ್ನು ಸೈಕಲ್ಲಿನ ವೇಗದಲ್ಲಿ ಓಡಿಸುತ್ತಿದ್ದ, ಹಿಂದೆ ಒಂದು ಚೀಲವನ್ನೂ ಹಾಕಗೊಡುತ್ತಿರಲಿಲ್ಲ. ವಯಸ್ಸಾಯಿತು ಎಂದು ಎಲ್ಲರೂ ನಕ್ಕಿದ್ದರು. “ಇದರ ಕೆಳಗೆ ನೀನು ಹೋಗ್ಬೇಡ, ನಾನೇ ನೋಡ್ಕೋತೀನಿ” ಎಂದಾಗ ತನ್ನ ಕೆಲಸ ಅಪ್ಪನಿಗೆ ಸಾಲದೇನೋ ಎಂದು ಅವಳಿಗೆ ನೋವಾಗಿತ್ತು. ಈಗ ಗಾಡಿಯ ಕೆಳಗೆ ಮಲಗಿದ್ದವಳಿಗೆ ಕೋಪವೂ ಬಂತು, ಅಳುವೂ ಬಂತು. ಎರಡಕ್ಕೂ ಹೊತ್ತಿರಲಿಲ್ಲ.

ಹೊರಗೆ ಬಂದವಳೇ, “ಬ್ರೇಕ್ ಸರಿ ಇಲ್ಲ ಚಿಕ್ಕಪ್ಪ. ಬೇರೆ ಗಾಡಿ ನೋಡೋಣ” ಎಂದಳು.

“ಬ್ರೇಕಾ?” ಹಿಂದಿನಿಂದ ದನಿ ಬಂತು. ಹಾಲಿನವನು ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ. ನೆಲಕ್ಕೆ ಬಿದ್ದ ಚೂರೊಂದು ಅವನ ಅಂಗೈಯಲ್ಲಿತ್ತು. “ಇದು ಪುಟ್ಟಿ ಅಲ್ವೇನಮ್ಮಾ?”

ಅಂಗಳದ ಜನ ಗಾಡಿಯ ಸುತ್ತ ನೆರೆದರು. ಇದ್ದವರಲ್ಲಿ ಅರ್ಧಕ್ಕರ್ಧ ಗಿರಾಕಿಗಳೇ.

“ಮೇಸ್ತ್ರಿ ಗಾಡಿ ಚಾಸಿಗೆ ಪುಟ್ಟಿ!” ಹಾಲಿನವನು ಎದ್ದು ನಿಂತ. ನಾಲ್ಕು ವರ್ಷ ನುಂಗಿಕೊಂಡಿದ್ದು ಅವನ ಗಂಟಲಿಗೆ ಬಂದಿತ್ತು. “ಯಾರು ಹಚ್ಚಿದ್ದು?”

ಕುರ್ಚಿಯಲ್ಲಿ ಕೂತಿದ್ದ ಅಮ್ಮ ತಲೆ ಎತ್ತಿದಳು. “ಅವರು ನನಗೋಸ್ಕರ...”

“ನಾನು,” ಎಂದಳು ಮಗಳು.

“ಏನೇ ಹೇಳ್ತಿದೀಯ?”

“ನಾನೇ ಅಮ್ಮ. ಅಪ್ಪಂಗೆ ಗೊತ್ತಿರ್ಲಿಲ್ಲ.” ಅವಳು ಅಮ್ಮನನ್ನು ದುರುಗುಟ್ಟಿ ನೋಡಿದಳು. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಹಾಲಿನವನು ಅವಳನ್ನೇ ನೋಡಿದ. “ಮೇಸ್ತ್ರಿ ಬದುಕಿದ್ರೆ ನಿನ್ನ ಕೈ ಮುರೀತಿದ್ರು.”

“ಹೌದು.”

ಅವನು ಚೂರನ್ನು ಬಿಸಾಕಿ ಕೈ ಒರೆಸಿಕೊಂಡ. “ನನ್ನ ಗಾಡೀಲಿ ಇಡಿ. ಅದರ ಚಾಸಿ ಅವರೇ ವೆಲ್ಡ್ ಮಾಡಿದ್ದು, ಇನ್ನೂ ಗಟ್ಟಿಯಾಗಿದೆ.”

ಹಾಲಿನವನ ಗಾಡಿ ಒಳಗೆ ಬರಲು ಇಟ್ಟಿಗೆಯವನ ಪಿಕಪ್ಪು ಅಡ್ಡವಿತ್ತು. ಹದಿನೈದು ವರ್ಷದ ಗಿರಾಕಿ ಇಟ್ಟಿಗೆಯವನು. ಅವಳ ಮುಖ ನೋಡದೆ ಶೆಡ್ಡಿಗೆ ಹೋಗಿ ಮೊಳೆಯಿಂದ ತನ್ನ ಕೀ ತೆಗೆದುಕೊಂಡ.

“ಸ್ವಲ್ಪ ಆಚೆ ನಿಲ್ಸಿದ್ರೆ ಸಾಕಣ್ಣ,” ಎಂದಳು. “ಬಾಗಿಲ ಕೆಳಗಿನ ತಗಡು ಕತ್ತರಿಸಿ ಹಾಗೇ ಬಿಟ್ಟಿದೀನಿ. ಸೋಮವಾರ ಹಾಕ್ತೀನಿ.”

“ಇರ್ಲಿ ಬಿಡಮ್ಮ. ಬೇರೆ ಕಡೆ ನೋಡ್ಕೋತೀನಿ.”

ಅಮ್ಮ ಕುರ್ಚಿಯ ಕೈ ಹಿಡಿದು ಏಳಲು ನೋಡಿದಳು. ಮಗಳು ಬೇಡವೆಂದು ತಲೆಯಾಡಿಸಿದಳು.

ಇಟ್ಟಿಗೆಯವನ ಗಾಡಿ ಶುರುವಾಯಿತು. ಹಿಂದಕ್ಕೆ ಬರಲು ಅವನಿಗೆ ದಾರಿ ಕಾಣುವಂತಿರಲಿಲ್ಲ. ಅವಳು ಗೇಟಿನ ಬಳಿ ಹೋಗಿ ನಿಂತು ಎಣ್ಣೆ ಮೆತ್ತಿದ ಕೈ ಎತ್ತಿದಳು. ಶೆಡ್ಡಿನ ಗೋಡೆಯೆದುರು ಇನ್ನಿಬ್ಬರು ತಮ್ಮ ಕೀ ಹುಡುಕುತ್ತಿದ್ದರು.

“ಬರ್ಲಿ... ಬರ್ಲಿ...” ಎಂದಳು. “ಬಲಕ್ಕೆ ಕಂಬ ಇದೆ, ನೋಡ್ಕೊಳ್ಳಿ ಅಣ್ಣ. ಹಾಂ, ಬರ್ಲಿ.”