ಬಾಸ್ ಪೆಟ್ಟಿಗೆಯ ಮೇಲೊಂದು ಅಂಗೈ

ನಾನು ಒಂದು ಬಾಸ್ ಆಂಪ್ಲಿಫೈಯರ್. ಹಾಗೆಂದರೇನು ಎಂದು ಕೇಳುವವರೇ ಹೆಚ್ಚು, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. ಆರ್ಕೆಸ್ಟ್ರಾಗಳಲ್ಲಿ ನಾಲ್ಕೇ ನಾಲ್ಕು ದಪ್ಪ ತಂತಿಗಳ ಒಂದು ಗಿಟಾರು ಇರುತ್ತದೆ. ಅದನ್ನು ಕೊರಳಿಗೆ ಹಾಕಿಕೊಂಡವನು ಹಿಂದಿನ ಸಾಲಿನಲ್ಲಿ ನಿಂತಿರುತ್ತಾನೆ, ಅವನ ಫೋಟೋ ಯಾರೂ ತೆಗೆಯುವುದಿಲ್ಲ. ಆ ಗಿಟಾರನ್ನು ಬರೀ ಮೀಟಿದರೆ ಪಕ್ಕದಲ್ಲಿ ಕೂತವನಿಗೂ ಸರಿಯಾಗಿ ಕೇಳಿಸದು. ಅದರಿಂದ ಹೊರಟ ವಯರು ನನ್ನನ್ನು ಬಂದು ಸೇರಬೇಕು, ನಾನು ಕಾದು ಬಿಸಿಯಾಗಬೇಕು, ಆಮೇಲೆ ಮಾತು. ಇಷ್ಟಾದರೂ ಹೆಸರೆಲ್ಲ ಗಿಟಾರಿಗೇ. ಇದರ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ ಎಂದರೆ ಸುಳ್ಳಾದೀತು.

ನಾನು ಹುಟ್ಟಿದ್ದು ಹುಬ್ಬಳ್ಳಿಯಲ್ಲಿ, ಪುಂಡಲೀಕ ಮಿಸ್ತ್ರಿಯ ರೇಡಿಯೋ ರಿಪೇರಿ ಅಂಗಡಿಯಲ್ಲಿ. ಮುಚ್ಚಿಹೋದ ಟೂರಿಂಗ್ ಟಾಕೀಸೊಂದರ ವಾಲ್ವುಗಳು, ಅಂದರೆ ಬಿಸಿಯಾಗಿ ಮಿನುಗುವ ಗಾಜಿನ ಬುರುಡೆಗಳು, ನನ್ನ ಎದೆಯೊಳಗೆ ಕೂತವು. ಮೈಗೆ ತೇಗದ ಹಲಗೆ ಬಂತು. ಹರಾಜಾದ ಹಳೆಯ ರೈಲು ಬೋಗಿಯ ಸೀಟುಗಳದ್ದು. ಎಷ್ಟು ಜನ ಪ್ರಯಾಣಿಕರು ಅದರ ಮೇಲೆ ಕೂತು ತೂಕಡಿಸಿದ್ದರೋ, ಹಲಗೆ ಚೆನ್ನಾಗಿ ಪಳಗಿತ್ತು. ಮುಂದೆ ಊಟದ ತಟ್ಟೆಗಿಂತ ಅಗಲದ ಒಂದೇ ಸ್ಪೀಕರು. ನನ್ನನ್ನು ಎತ್ತಲು ನಾಲ್ಕು ಜನ ಬೇಕು, ನಾಲ್ವರೂ ಹಿಡಿಶಾಪ ಹಾಕಿಯೇ ಎತ್ತುತ್ತಾರೆ.

ಮಾಡಿಸಿದವರು ದಸ್ತಗೀರ ಮಾಸ್ತರರು. ಹಗಲು ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಕೆಲಸ, ಸಂಜೆ ‘ನವತಾರೆ ಆರ್ಕೆಸ್ಟ್ರಾ’ದಲ್ಲಿ ಬಾಸ್ ಗಿಟಾರು. ನನ್ನ ಬೆನ್ನಿನ ಹಲಗೆ ಜೋಡಿಸುವಾಗ ಪುಂಡಲೀಕ ಕೇಳಿದ್ದ, “ಮಾಸ್ತರ, ಭಾಳ ದೂರ ಕೇಳೋ ಹಂಗ ಮಾಡ್ಲೇನ್ರಿ?”

“ಕೇಳೋದು ಬ್ಯಾಡೋ ಪುಂಡಲೀಕ,” ಎಂದರು ಮಾಸ್ತರರು. “ಎದಿಗೆ ಹತ್ತಬೇಕು. ಎಲ್ಲಿಂದ ಬಂತು ಅಂತ ಮಂದಿಗೆ ತಿಳೀಬಾರದು.”

ಆಗಲೇ ನನಗೆ ಗೊತ್ತಾಯಿತು, ಈ ಮನುಷ್ಯನ ಜೊತೆ ಬಾಳುವೆ ಸುಲಭವಲ್ಲ ಎಂದು. ಮಾಸ್ತರರಿಗೆ ಎಲ್ಲದರ ಬಗ್ಗೆಯೂ ಒಂದು ಅಭಿಪ್ರಾಯ, ಅದನ್ನು ಕೇಳದಿದ್ದವರಿಗೂ ಹೇಳುವ ಉತ್ಸಾಹ. ಗಿಟಾರಿನ ತಂತಿಯನ್ನು ಅವರು ಬದಲಾಯಿಸಿದ್ದೇ ಇಲ್ಲ. ಹೊಸ ತಂತಿ ಹೊಸ ಚಪ್ಪಲಿಯಂತೆ ಚರ್ ಚರ್ ಎನ್ನುತ್ತದೆ, ಬೆವರು ಕುಡಿದ ತಂತಿಗೇ ದನಿ ಎನ್ನುತ್ತಿದ್ದರು. ಪ್ಲಾಸ್ಟಿಕ್ಕಿನ ಚೂರು ಹಿಡಿದು ಬಾಸ್ ನುಡಿಸುವುದೆಂದರೆ ಚಮಚದಿಂದ ರೊಟ್ಟಿ ತಿಂದ ಹಾಗಂತೆ. ನನ್ನ ಮೇಲಿದ್ದ, ಕೀಚಲು ದನಿ ಏರಿಸುವ ಟ್ರೆಬಲ್ ಗುಂಡಿಯನ್ನು ಪೂರ್ತಿ ಕೆಳಗಿಳಿಸಿ, ಯಾರೂ ತಿರುಗಿಸದಿರಲೆಂದು ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡುಬಿಟ್ಟರು. ನನಗೂ ನನ್ನವೇ ಆದ ಅಭಿಪ್ರಾಯಗಳಿದ್ದವು ಅನ್ನಿ. ಸ್ವಿಚ್ ಹಾಕಿದ ಕೂಡಲೇ ಒದರಲು ಶುರುಮಾಡುವ ಟ್ರಾನ್ಸಿಸ್ಟರ್ ಡಬ್ಬಿಗಳನ್ನು ಕಂಡರೆ ನನಗಾಗುವುದಿಲ್ಲ. ಮಾತಿಗೆ ಮುಂಚೆ ಅರ್ಧ ನಿಮಿಷ ಸುಮ್ಮನಿರುವುದು ನಮ್ಮ ವಾಲ್ವಿನವರ ಮರ್ಯಾದೆ. ಜನರೇಟರ್ ಕರೆಂಟು ಕುಡಿಸಿದರೆ ಹೊಟ್ಟೆ ತೊಳಸುತ್ತದೆ. ಸಿಮೆಂಟಿನ ವೇದಿಕೆ ನನ್ನ ದನಿಯನ್ನು ನುಂಗಿಬಿಡುತ್ತದೆ, ಹಲಗೆಯ ವೇದಿಕೆಯಾದರೆ ಆ ತುದಿಯವರೆಗೂ ಮುಟ್ಟಿಸುತ್ತದೆ.

ನನ್ನ ಎತ್ತರ ಮನುಷ್ಯರ ಸೊಂಟಕ್ಕೆ. ಹೀಗಾಗಿ ಜನರನ್ನು ನಾನು ಗುರುತಿಸುವುದು ಚಪ್ಪಲಿಯಿಂದ, ಪ್ಯಾಂಟಿನ ಮೊಣಕಾಲಿನಿಂದ, ಸೀರೆಯ ಅಂಚಿನಿಂದ. ಸುಲೋಚನಾ ಮೆಹರವಾಡೆ ಅವರನ್ನು ಮೊದಲು ಕಂಡದ್ದೂ ಹಾಗೆಯೇ. ಇಳಕಲ್ ಸೀರೆಯ ಕೆಂಪು ಅಂಚು, ಬರಿಗಾಲು. ವೇದಿಕೆಯ ಮೇಲೆ ಚಪ್ಪಲಿ ಹಾಕುತ್ತಿರಲಿಲ್ಲ. ನವತಾರೆಯ ಗಾಯಕಿ ಅವರು. ಮದುವೆ, ಸ್ನೇಹ ಸಮ್ಮೇಳನ, ಗಣೇಶೋತ್ಸವ, ಎಲ್ಲಿ ಹೋದರೂ “ಬಾಯಾರ ಹಾಡಾಕ ಬರ್ತಾರಲ್ರಿ?” ಎಂದು ಕೇಳಿಯೇ ಜನ ವೀಳ್ಯ ಕೊಡುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಅತ್ತೆಯನ್ನೂ ಮಗಳನ್ನೂ ಸಾಕಿದ್ದು ಆ ಹಾಡು.

ಒಂದು ವರ್ಷ ಅವರಿಗೆ ದೊಡ್ಡ ಕಾಯಿಲೆಯಾಯಿತು. ತಿಂಗಳುಗಟ್ಟಲೆ ಇಂಜೆಕ್ಷನ್ನು. ಜೀವ ಉಳಿಯಿತು, ಬಡಕಲಾಗಿ ವಾಪಸು ಬಂದರು. ಗದಗಿನ ಒಂದು ಮದುವೆಯಲ್ಲಿ ಮೊದಲ ಹಾಡು. ಕೊಳಲು ಮುಗಿದ ಕೂಡಲೇ ಅವರು ಎತ್ತಿಕೊಳ್ಳಬೇಕು. ಕೊಳಲು ಮುಗಿಯಿತು, ಅವರು ಸುಮ್ಮನೆ ನಿಂತಿದ್ದರು. ತಬಲಾ ಇನ್ನೊಂದು ಸುತ್ತು ತಿರುಗಿತು. ಆಮೇಲೆ ಎತ್ತಿಕೊಂಡರು, ಆದರೆ ಬೇರೆಯದೇ ಶ್ರುತಿಯಲ್ಲಿ. ಮಾಸ್ತರರು ತಟ್ಟನೆ ನನ್ನ ದನಿ ಏರಿಸಿ, ಹಾಡಿನ ಬೇರಿನ ಸ್ವರವನ್ನು, ಅಂದರೆ ಷಡ್ಜವೊಂದನ್ನೇ, ಬಿಟ್ಟೂಬಿಡದೆ ಮೀಟಿದರು. ಹಲಗೆ ನಡುಗಿತು. ಬರಿಗಾಲುಗಳು ನನ್ನತ್ತ ಎರಡು ಹೆಜ್ಜೆ ಸರಿದವು. ಎರಡನೆಯ ಸಾಲಿಗೆ ದನಿ ತನ್ನ ಜಾಗಕ್ಕೆ ಬಂದು ಕೂತಿತು.

ಊಟದ ಹೊತ್ತಿಗೆ ಎಲ್ಲರೂ ಪಂಕ್ತಿಗೆ ಹೋದ ಮೇಲೆ ಮಾಸ್ತರರು ವಯರು ಸುತ್ತುತ್ತ ಕೇಳಿದರು, “ತಂಗೆವ್ವ, ಕೊಳಲು ಕೇಳಲಿಲ್ಲೇನು?”

ಆಕೆ ಅವರ ತುಟಿಯನ್ನೇ ನೋಡುತ್ತ ನಿಂತರು. “ಇಲ್ರಿ ಅಣ್ಣಾರ. ಆ ಇಂಜೆಕ್ಷನ್ ಆದಾಗಿಂದ ಕೊಳಲು, ಪಿಟೀಲು, ಗೆಜ್ಜಿ, ಯಾವೂ ಕೇಳಂಗಿಲ್ಲ. ನಿಮ್ಮ ಡಬ್ಬಿ ಒಂದ ಕೇಳಸ್ತೈತಿ.”

“ಯಾರಿಗರೆ ಹೇಳೀಯೇನು?”

“ನಿಮಗಷ್ಟ.”

“ಅಷ್ಟ ಸಾಕು. ಇನ್ ಮ್ಯಾಲೆ ನನ್ನ ಬಾಜೂಕ ನಿಂದರು.”

ಕಿವಿ ಮಂದವಾದ ಗಾಯಕಿ ಎಂದು ಒಮ್ಮೆ ಸುದ್ದಿಯಾದರೆ ಮುಗಿಯಿತು, ಮತ್ತೆ ಯಾರೂ ಕರೆಯುವುದಿಲ್ಲ. ಆರ್ಕೆಸ್ಟ್ರಾದವರ ಬಾಯಿಗೆ ಬೀಗವಿಲ್ಲ. ಅಂದಿನಿಂದ ಆಕೆ ನನ್ನ ಪಕ್ಕಕ್ಕೇ ನಿಂತು, ಎಡ ಅಂಗೈಯನ್ನು ನನ್ನ ನೆತ್ತಿಯ ಮೇಲಿಟ್ಟು ಹಾಡಿದರು. ಎತ್ತಿಕೊಳ್ಳುವ ಮುಂಚೆ ಮಾಸ್ತರರು ಬೇರಿನ ಸ್ವರ ಕೊಡುತ್ತಿದ್ದರು, ಅದು ನನ್ನ ಹಲಗೆಯಿಂದ ಅಂಗೈಗೆ ಏರುತ್ತಿತ್ತು. ಯಾರಾದರೂ “ಬಾಯಾರ, ನಡುವ ಬಂದು ನಿಂದರ್ರಿ” ಎಂದರೆ ಮಾಸ್ತರರೇ ಅಡ್ಡ ಬಂದು, ನಡುವೆ ನಿಂತರೆ ಮೈಕು ಸಿಳ್ಳೆ ಹೊಡೆಯುತ್ತದೆ ಎಂದು ಏನೇನೋ ವಿಜ್ಞಾನ ಹೇಳುತ್ತಿದ್ದರು. ಗಿಟಾರನ್ನು ಕೊರಳಲ್ಲಿ ಹೊತ್ತು ತಿರುಗಲಿ, ನನಗೇನಂತೆ. ಆ ಅಂಗೈ ಬಂದದ್ದು ನನ್ನ ಪಾಲಿಗೆ.

ವರ್ಷಗಳು ಕಳೆದವು. ನವತಾರೆಯ ಯಜಮಾನ ಗುರುಶಾಂತಪ್ಪ ಒಂದು ಕೀಬೋರ್ಡು ಕೊಂಡ. ಕೆಟ್ಟ ಮನುಷ್ಯನಲ್ಲ, ಆದರೆ ಟೆಂಪೋದಲ್ಲಿ ನಾನು ಹಿಡಿಯುವ ಜಾಗ ಅವನ ಕಣ್ಣು ಚುಚ್ಚುತ್ತಿತ್ತು.

“ಮಾಸ್ತರ, ಇದರಾಗ ಎಡಗೈಲೆ ಬಾಸೂ ಬರ್ತೈತ್ರಿ. ಆ ಡಬ್ಬಿ ಬಿಟ್ರ ಇನ್ನೂ ಇಬ್ಬರು ಕೂಡ್ತಾರ.”

“ಅದು ಬಾಸ್ ಅಲ್ಲೋ ಗುರುಶಾಂತಾ,” ಎಂದರು ಮಾಸ್ತರರು. “ಬಾಸಿನ ಫೋಟೋ.”

ಅಲ್ಲಿಂದ ಅವರ ಭಾಷಣಗಳು ಜಾಸ್ತಿಯಾದವು. ವಾಲ್ವಿನ ಬಿಸಿ, ತೇಗದ ಹಲಗೆ, ಹಳೆಯ ತಂತಿ, ಟೋನು. ಟೋನ್ ಎಂಬ ಮಾತು ಬಂತೆಂದರೆ ಹುಡುಗರು ಒಬ್ಬರನ್ನೊಬ್ಬರು ತಿವಿದುಕೊಳ್ಳುತ್ತಿದ್ದರು. ಬೆನ್ನ ಹಿಂದೆ ‘ಟೋನ್ ಮಾಸ್ತರ’ ಎಂಬ ಹೆಸರೂ ಬಿತ್ತು. ಆ ಭಾಷಣಗಳಲ್ಲಿ ಅರ್ಧ ಅವರು ನಿಜವಾಗಿ ನಂಬಿದ್ದು, ಇನ್ನರ್ಧ ಸುಲೋಚನಾಬಾಯಿಯವರಿಗಾಗಿ ಹೇಳಿದ್ದು. ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತಿತ್ತೋ ಅವರಿಗೇ ಗೊತ್ತಿತ್ತೋ ಇಲ್ಲವೋ.

ಕೊನೆಗೊಂದು ಗಣೇಶೋತ್ಸವ ಬಂತು. ವೇದಿಕೆ ದೊಡ್ಡದು, ಸೌಂಡಿನವನು ಬೆಳಗಾವಿ ಕಡೆಯಿಂದ ಬಂದಿದ್ದ. ನಾಲ್ಕು ಗಂಟೆಗೆ ತಯಾರಿ ನಡೆದಿತ್ತು.

“ಸ್ಟೇಜ್ ಮ್ಯಾಲೆ ಡಬ್ಬಿ ಇಡಂಗಿಲ್ರಿ,” ಎಂದ. “ಗಿಟಾರ್ ವಯರು ಸೀದಾ ನನ್ನ ಮಿಕ್ಸರಿಗೆ ಕೊಡ್ರಿ. ಮಂದಿಗೆ ಹೆಂಗ ಕೇಳಸ್ತೈತಿ ನೋಡ್ರಿ.”

ಮಂದಿಗೆ ಕೇಳಿಸುತ್ತಿತ್ತು, ನಿಜ. ವೇದಿಕೆಯ ಮೇಲೆ ನಿಂತವರ ಅಂಗೈಗೆ ಮಾತ್ರ ಏನೂ ಸಿಗುತ್ತಿರಲಿಲ್ಲ. ಕೂಲಿಯವರು ನನ್ನನ್ನು ಎಳೆದು ಹಿಂಪರದೆಯ ಆಚೆಗೆ ಇಟ್ಟರು. ಪರದೆಯ ಕೆಳಗಿನಿಂದ ಕಾಲುಗಳಷ್ಟೇ ಕಾಣುತ್ತಿದ್ದವು. ಸವೆದ ಕೊಲ್ಹಾಪುರಿ ಚಪ್ಪಲಿ, ಅಂದರೆ ಮಾಸ್ತರರು, ಸೌಂಡಿನವನ ಬೂಟಿನ ಎದುರು ನಿಂತಿತ್ತು.

“ನನ್ನ ಟೋನ್ ಹೋಗ್ತೈತಪಾ.”

“ಟೋನ್ ನಾ ಕೊಡ್ತೀನ್ರಿ ಅಜ್ಜಾರ. ಬಟನ್ ಐತಿ.”

ಎಲ್ಲರೂ ನಕ್ಕರು. ಮಾಸ್ತರರು ತೇಗ, ವಾಲ್ವು, ಹಲಗೆ ಎಂದು ಮತ್ತೆ ಶುರುಮಾಡಿದರು. ಗುರುಶಾಂತಪ್ಪನ ತಾಳ್ಮೆ ಕೆಟ್ಟಿತು.

“ಮಾಸ್ತರ, ಈ ಡಬ್ಬಿ ಸಲುವಾಗಿ ನನಗ ಸಾಕಾಗಿ ಹೋಗೇತಿ. ಮನಸಿದ್ರ ಹಂಗ ನುಡಸ್ರಿ, ಇಲ್ಲಂದ್ರ ಮನಿಗೆ ನಡೀರಿ.”

ಒಂದೇ ಒಂದು ವಾಕ್ಯ ಹೇಳಿದ್ದರೆ ಮಾಸ್ತರರ ಮಾನ ಉಳಿಯುತ್ತಿತ್ತು. ಅವರು ಹೇಳಲಿಲ್ಲ. ಗಿಟಾರಿನ ಪಟ್ಟಿ ಕೊರಳಿನಿಂದ ಬಿಚ್ಚುವ ಸದ್ದು ಕೇಳಿಸಿತು. ಆಗ ಕೆಂಪು ಅಂಚು ಅವರಿಬ್ಬರ ನಡುವೆ ಬಂದು ನಿಂತಿತು. ಸುಲೋಚನಾಬಾಯಿಯವರಿಗೆ ಮಾತು ಕೇಳಿಸಿರಲಿಲ್ಲ, ಮುಖಗಳು ಕಂಡಿದ್ದವು.

“ಗುರುಶಾಂತಪ್ಪ, ಅವರಿಗೆ ಏನೂ ಅನಬ್ಯಾಡ,” ಎಂದರು. “ಡಬ್ಬಿ ಬೇಕಾಗಿದ್ದು ಅವರಿಗಲ್ಲ, ನನಗ. ನನಗ ಕಿವಿ ಕೇಳಂಗಿಲ್ಲ. ಭಾಳ ವರ್ಷಾತು. ಅದರ ಮ್ಯಾಲೆ ಕೈಯಿಟ್ಟು ಹಾಡ್ತೀನಿ.”

ಯಾರೂ ನಗಲಿಲ್ಲ. ಸ್ವಲ್ಪ ಹೊತ್ತಿಗೆ ಬೂಟಿನ ಕಾಲುಗಳೇ ಪರದೆಯ ಹಿಂದೆ ಬಂದವು. ಸೌಂಡಿನವನು ತಾನೇ ಒಂದು ಬದಿ ಹಿಡಿದು ನನ್ನನ್ನು ಮೇಲೆ ಹತ್ತಿಸಿದ, ಬೈಯಲಿಲ್ಲ. ಆ ಸಂಜೆ ಬಾಯಿಯವರು ಹಾಡಿದ ಹಾಗೆ ಮೊದಲೆಂದೂ ಹಾಡಿರಲಿಲ್ಲ.

ಆದರೆ ಮಾಸ್ತರರಿಗೆ ಸಿಟ್ಟು ಬಂದಿತ್ತು. “ಯಾಕ ಹೇಳಿದೆವ್ವಾ?” ಎಂದು ಕೇಳಿದರು.

“ನೀವು ಹೇಳಲಿಲ್ಲಲ್ರಿ, ಅದಕ್ಕ.”

ದೀಪಾವಳಿಯ ಹೊತ್ತಿಗೆ ಗುರುಶಾಂತಪ್ಪ ಹೊಸ ಗಾಯಕಿಯನ್ನು ಕರೆತಂದ. ಅವನನ್ನು ದೂರಲಾರೆ, ಕಾರ್ಯಕ್ರಮ ಕೊಡುವವರು “ಆಕಿಗೆ ಕಿವಿ ಕೇಳಂಗಿಲ್ಲಂತಲ್ರಿ” ಎಂದು ಕೇಳುತ್ತಿದ್ದರು. ಸುಲೋಚನಾಬಾಯಿಯವರಿಗೆ ಕರೆ ಬರುವುದು ಕಡಿಮೆಯಾಯಿತು, ಆಮೇಲೆ ನಿಂತಿತು. ಮಗಳು ಶಾಲೆಯಲ್ಲಿ ನೌಕರಿಗೆ ಸೇರಿದ್ದರಿಂದ ಮನೆ ನಡೆಯಿತು. ಹಾಡಿಗೆ ಮಾತ್ರ ಜಾಗವಿಲ್ಲದಂತಾಯಿತು. ಮಾಸ್ತರರೂ ನವತಾರೆ ಬಿಟ್ಟರು. “ತಂಗೆವ್ವ ಇಲ್ಲಂದ್ರ ನಾ ಯಾರಿಗೆ ಸ್ವರ ಕೊಡ್ಲಿ?” ಎಂದರಂತೆ. ನನ್ನನ್ನು ಕೈಗಾಡಿಯಲ್ಲಿ ಹೇರಿಸಿ ಬಾಯಿಯವರ ಮನೆಗೆ ಕಳಿಸಿದರು. ತಮ್ಮ ಮನೆಯ ಮೆಟ್ಟಿಲು ಇಕ್ಕಟ್ಟು ಎಂಬ ನೆಪ ಹೇಳಿದರು.

ಅಲ್ಲಿಂದ ಮುಂದಿನ ಕಾಲವೇ ನನ್ನ ಬದುಕಿನ ಸುಖದ ಕಾಲ. ಭಾನುವಾರ ಮಧ್ಯಾಹ್ನ ಮಾಸ್ತರರು ಗಿಟಾರು ಹೊತ್ತು ಬರುತ್ತಿದ್ದರು. ಚಹಾ, ಅವಲಕ್ಕಿ, ಆಮೇಲೆ ಹಾಡು. ಚಪ್ಪಾಳೆಯಿಲ್ಲ, ಟೆಂಪೋ ಇಲ್ಲ, ಜನರೇಟರ್ ಕರೆಂಟಿಲ್ಲ. ಅಂಗೈ ನನ್ನ ಮೇಲೆ, ಮಾಸ್ತರರ ಟೀಕೆಟಿಪ್ಪಣಿ ಕಿವಿಯಲ್ಲಿ.

ಆಮೇಲೆ ಮಾಸ್ತರರಿಗೆ ಲಕ್ವ ಹೊಡೆಯಿತು. ಎಡಗೈಯ ಬೆರಳುಗಳು ತಂತಿ ಒತ್ತದಾದವು. ಗಿಟಾರು ಅವರ ಮನೆಯಲ್ಲೇ ಮೂಲೆ ಸೇರಿತು. ಆದರೂ ಭಾನುವಾರ ಕೋಲೂರಿಕೊಂಡು ಬರುತ್ತಿದ್ದರು. ಬಾಯಿಯವರ ಕಿವಿಯೂ ಅಷ್ಟರಲ್ಲಿ ಪೂರ್ತಿ ಸೋತಿತ್ತು. ಮಗಳು ಹಾರ್ಮೋನಿಯಂ ತಂದುಕೊಟ್ಟಳು, ಅದರ ಮೇಲೆ ಕೈಯಿಟ್ಟರೆ ಅವರಿಗೆ ಗಾಳಿಯ ಸರಸರ ಬಿಟ್ಟು ಏನೂ ಸಿಗಲಿಲ್ಲ. ಬೇರಿನ ಸ್ವರ ಕೊಡುವವರಿಲ್ಲದೆ ಹಾಡು ನಿಂತೇಹೋಯಿತು. ಮಾಸ್ತರರು ಚಹಾ ಕುಡಿದು, ತಮ್ಮ ಎಡಗೈಯನ್ನು ಬಲಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದರು. “ನಿನ್ನ ಹಾಡು ನನ್ನ ಕೈಯಾಗಿತ್ತಲ್ಲವ್ವಾ,” ಎಂದರೊಮ್ಮೆ. ಬಾಯಿಯವರು ತುಟಿ ನೋಡಿ ಅರ್ಥಮಾಡಿಕೊಂಡು, ಅವರ ಬಟ್ಟಲಿಗೆ ಇನ್ನಷ್ಟು ಚಹಾ ಬಗ್ಗಿಸಿದರು. ಇಬ್ಬರ ನಡುವೆ ಬರೀ ಪೆಟ್ಟಿಗೆಯಾಗಿ ಕೂರುವುದು ನನಗೆ ಬಹಳ ಸಂಕಟವಾಗಿತ್ತು.

ವಾಲ್ವುಗಳಿಗೆ ಥಂಡಿ ಹಿಡಿಯದಿರಲೆಂದು ಮಳೆಗಾಲದಲ್ಲಿ ಆಗಾಗ ನನಗೆ ಸ್ವಿಚ್ ಹಾಕುವುದುಂಟು. ಕಳೆದ ಆಷಾಢದ ಒಂದು ಭಾನುವಾರ ಮಗಳು ಸ್ವಿಚ್ ಹಾಕಿ ಹೋದಳು. ನನಗೂ ವಯಸ್ಸಾಗಿದೆ, ಒಳಗೆ ಏನೇನೋ ಒಣಗಿ ಸಡಿಲವಾಗಿದೆ. ಬಿಸಿಯಾಗುತ್ತಿದ್ದ ಹಾಗೆ, ಯಾವ ವಯರೂ ಸೇರದಿದ್ದರೂ, ನನ್ನೊಳಗಿನಿಂದ ದಪ್ಪಗೆ ಗುಂಯ್ ಎಂಬ ದನಿ ಹೊರಟಿತು. ತಡೆಯಲು ನೋಡಿದೆ, ಆಗಲಿಲ್ಲ. ಹಲಗೆಯೆಲ್ಲ ಸಣ್ಣಗೆ ನಡುಗುತ್ತಿತ್ತು.

ಮಾಸ್ತರರ ಮುಖ ಹುಳ್ಳಗಾಯಿತು. “ಕೆಪಾಸಿಟರ್ ಹೋಗ್ಯಾವ. ಪುಂಡಲೀಕನ ಮಗನ್ನ ಕರಸ್ತೀನಿ. ಒಂದ್ ತಾಸಿನ ಕೆಲಸ.”

ಒಳಗಿನಿಂದ ಚಹಾ ತಂದ ಬಾಯಿಯವರು ಬಟ್ಟಲು ಇಡಲೆಂದು ನನ್ನ ಮೇಲೆ ಕೈಯೂರಿದರು. ಹಾಗೆಯೇ ನಿಂತರು. ಎಷ್ಟೋ ಹೊತ್ತು ಕೈ ತೆಗೆಯಲಿಲ್ಲ.

“ಅಣ್ಣಾರ, ಇದು ಬಿಳಿ ಐದನೇ ಮನಿ ಅಲ್ರಿ?”

ಅದು ಹಾರ್ಮೋನಿಯಂನಲ್ಲಿ ಅವರು ಜೀವಮಾನವಿಡೀ ಹಾಡಿದ ಶ್ರುತಿ. ಮಾಸ್ತರರು ತಲೆಯಾಡಿಸಿ, ತುಟಿ ಕಾಣುವಂತೆ ಬಿಡಿಸಿ ಹೇಳಿದರು, “ಐದಲ್ಲ. ಐದಕ್ಕಿಂತ ಒಂದು ಕೂದಲೆಳಿ ಮ್ಯಾಲೆ. ಅದು ಸ್ವರ ಅಲ್ಲ ತಂಗೆವ್ವ, ಡಬ್ಬಿಗೆ ರೋಗ.”

ಆದರೆ ಆಕೆ ಆಗಲೇ ಕಣ್ಣು ಮುಚ್ಚಿದ್ದರು. ಎರಡು ವರ್ಷದಿಂದ ಸುಮ್ಮನಿದ್ದ ದನಿ ಮೊದಲು ತಡವರಿಸಿತು, ಗಂಟಲು ಸರಿಮಾಡಿಕೊಂಡಿತು, ಆಮೇಲೆ ನನ್ನ ರೋಗದ ಮೇಲೆ ಬಂದು ನೆಟ್ಟಗೆ ನಿಂತಿತು. ಅದೇ ಕೂದಲೆಳೆಯಷ್ಟು ಮೇಲೆ. ಒಂದು ಹಾಡನ್ನು ಪೂರ್ತಿ ಹಾಡಿದರು. ಮಾಸ್ತರರ ಬಲಗೈ ಬೆರಳುಗಳು ತೊಡೆಯ ಮೇಲೆ ಇಲ್ಲದ ತಂತಿಯನ್ನು ಮೀಟುತ್ತಿದ್ದವು. ಚಹಾ ಆರಿಹೋಯಿತು.

ಹಾಡು ಮುಗಿದು ಆಕೆ ಕಣ್ಣು ತೆರೆದಾಗ ನಾನು ಬೈಗುಳಕ್ಕೆ ಸಿದ್ಧನಾಗಿದ್ದೆ. ಟೋನಿನ ವಿಷಯದಲ್ಲಿ ಮಾಸ್ತರರು ಯಾರಿಗೂ ರಿಯಾಯಿತಿ ಕೊಟ್ಟವರಲ್ಲ. ಅವರು ಮೂಗು ಒರೆಸಿಕೊಂಡರು. ನನ್ನ ಕಡೆ ನೋಡಿದರು, ಆಕೆಯ ಕಡೆ ನೋಡಿದರು.

“ಇದನ್ನ ರಿಪೇರಿ ಮಾಡಾಕ ಯಾರನ್ನೂ ಬಿಡಬ್ಯಾಡವ್ವಾ,” ಎಂದರು.

ಈಗ ನಾನು ಈ ಪಡಸಾಲೆಯ ಕಿಟಕಿಯ ಕೆಳಗೆ ಇದ್ದೇನೆ. ನೆತ್ತಿಯ ಹಲಗೆಯ ಒಂದು ಕಡೆ ಮೆರುಗು ಹೋಗಿ ಅಂಗೈಯಷ್ಟಗಲ ನುಣುಪಾಗಿದೆ. ಭಾನುವಾರ ಬಂದರೆ ಅರ್ಧ ನಿಮಿಷ ಸುಮ್ಮನಿರುತ್ತೇನೆ, ಆಮೇಲೆ ಗುಂಯ್ ಎನ್ನುತ್ತೇನೆ. ವಯಸ್ಸಾದವರೆಲ್ಲ ತಮ್ಮ ಕಾಯಿಲೆ ವಾಸಿಯಾಗಲಿ ಎಂದು ಬೇಡಿಕೊಳ್ಳುತ್ತಾರೆ. ನಾನು ನನ್ನದು ಹೀಗೇ ಇರಲಿ ಎಂದು ಬೇಡಿಕೊಳ್ಳುತ್ತೇನೆ, ಆಕೆ ಹಾಡುವಷ್ಟು ದಿನ.