ಬೈ-ಟು

ಬೆಣ್ಣೆ ಇನ್ನೂ ಕರಗಿಲ್ಲ, ಪಕ್ಕದ ಮೇಜಿಗೆ ಹೋಗುತ್ತಿರುವ ದೋಸೆಯ ಮೇಲೆ ಅದು ಜಾರುತ್ತಿದೆ, ಅಂಚಿಗೆ ಬಂದು ನಿಂತಿದೆ, ನನಗಲ್ಲ, ನನಗೆ ಎರಡು ಇಡ್ಲಿ, ವಡೆ ಬೇಡ, ಕಾಯಿಚಟ್ನಿ ಬೇಡ, ಕಾಫಿಗೆ ಸಕ್ಕರೆ ಬೇಡ, ಡಾಕ್ಟರಮ್ಮ ಬರೆದುಕೊಟ್ಟ ಚೀಟಿ ಜೇಬಿನಲ್ಲೇ ಇದೆ, ಹೋಟೆಲಿಗೆ ಹೋಗಲೇಬೇಡಿ ಅನ್ನೋದಿಲ್ಲ ನಂಜುಂಡೇಶ್, ಆರಿಸಿ ತಿನ್ನಿ, ಎಂಟು ಕೆ.ಜಿ. ಇಳಿದರೆ ನಿಮ್ಮ ಕಿಡ್ನಿ ತೆಗೀಬಹುದು, ಈ ತೂಕದಲ್ಲಿ ನಾವು ಮುಟ್ಟೋದಿಲ್ಲ, ನಿಮ್ಮ ತಂಗಿಗೆ ಹೊಂದೋದು ಮನೆಯಲ್ಲಿ ನಿಮ್ಮೊಬ್ಬರದೇ — ಮೂರು ತಿಂಗಳಾಯಿತು, ಇವತ್ತು ಹನ್ನೊಂದಕ್ಕೆ ಮೈಸೂರಿನಲ್ಲಿ ಕೊನೆಯ ತೂಕ, ತಂಗಿ ಚೈತ್ರ ಚಿಕ್ಕಯ್ಯನಛತ್ರದಿಂದ ಬಸ್ಸು ಹತ್ತಿರುತ್ತಾಳೆ, ನಾನು ನರಸೀಪುರದಿಂದ ಬಂದು ನಂಜನಗೂಡಿನ ಈ ಹೋಟೆಲಿನಲ್ಲಿ ಕಾಯುವುದು, ಇಬ್ಬರೂ ಇಲ್ಲಿಂದ ಒಟ್ಟಿಗೆ ಹೋಗುವುದು ರೂಢಿ, ಏನ್ ಕೊಡ್ಲಿ ಸಾ, ಮಾದಪ್ಪ ಮೇಜು ಒರೆಸುತ್ತ ಕೇಳುತ್ತಾನೆ, ಬೆಣ್ಣೆ ಮಸಾಲೆ ತಾನೆ, ಬಾಯಿ ಇಡ್ಲಿ ಅನ್ನಲು ತೆರೆಯುತ್ತದೆ, ಅಷ್ಟರಲ್ಲಿ ಕತ್ತು ಹೂಂ ಎಂದು ಆಡಿಬಿಟ್ಟಿದೆ, ಅವನು ಒಳಗೆ ಕೂಗಿಯೂ ಆಯಿತು.

ನಿನ್ನೆ ಸಂಜೆ ಅಕ್ಕಿ ಗಿರಣಿಯಲ್ಲಿ ಮೂಟೆ ಇಡುವ ತಕ್ಕಡಿಯ ಮೇಲೆ ನಿಂತಾಗ ಶಿವಸ್ವಾಮಿ ನಕ್ಕ, ತೊಂಬತ್ನಾಕು ಕಣ್ರೀ ಮೇಷ್ಟ್ರೇ, ಕ್ವಿಂಟಾಲ್ ಮುಟ್ಟಾಕೆ ಇನ್ನಾರೇ, ಇಂಗೇ ಓದ್ರೆ ನಿಮ್ಮನ್ನೂ ಲಾರಿಗೆ ಆಕ್ಬುಡ್ತೀನಿ, ನಾನೂ ನಕ್ಕೆ, ಮೊದಲು ಇದ್ದದ್ದು ತೊಂಬತ್ತೆರಡು, ಇಳಿಯಲೇ ಇಲ್ಲವೆಂದಲ್ಲ, ಮೊದಲ ತಿಂಗಳು ಅರ್ಧ ಮುದ್ದೆ, ಸೊಪ್ಪಿನ ಸಾರು, ಬೆಳಿಗ್ಗೆ ಹೊಳೆಯವರೆಗೆ ನಡಿಗೆ, ಎಂಬತ್ತೇಳಕ್ಕೆ ಬಂದಿದ್ದೆ, ಡಾಕ್ಟರಮ್ಮ ಶಭಾಷ್ ಅಂದರು, ಇನ್ನು ಮೂರು, ಆಮೇಲೆ ತಾರೀಖು ಹಾಕೋಣ, ಹಾಗೆನ್ನುತ್ತ ಪೆನ್ನಿನ ಹಿಂತುದಿಯಿಂದ ನನ್ನ ಅಂಗಿಯ ಮೇಲೆ ಪಕ್ಕೆಯಿಂದ ಬೆನ್ನಿನವರೆಗೆ ಒಂದು ಗೆರೆ ಎಳೆದರು, ಇಲ್ಲಿ, ಇಷ್ಟುದ್ದ, ಆ ದಿನವೇ ಸಂಜೆ ಇದೇ ಮೇಜಿನಲ್ಲಿ ಎರಡು ಬೆಣ್ಣೆ ಮಸಾಲೆ ತಿಂದೆ, ಒಂದಾದ ಮೇಲೆ ಒಂದು, ಹಸಿವೆಂದುಕೊಂಡೆ, ಹಸಿವಲ್ಲ, ನನಗೆ ಗೊತ್ತು, ಗೊತ್ತಿದ್ದೇ ದಿನವೂ ತಿಂದೆ, ಬೇಡ ಎಂದು ಒಮ್ಮೆಯೂ ಹೇಳದೆ ಬೇಡ ಎನ್ನುವ ದಾರಿ ಇದೊಂದೇ ಇತ್ತು, ರಕ್ತ ಹೊಂದಿದೆ ಎಂದು ತಿಳಿದ ದಿನ ಚೈತ್ರ ಇಲ್ಲೇ ಕೂತು ಬೈ-ಟು ಹೇಳಿದಳು, ನಾನು ಬಿ.ಎ. ಓದುವಾಗಿನಿಂದ ನಮ್ಮದು ಯಾವಾಗಲೂ ಬೈ-ಟು, ಒಂದು ತುಂಬಿದ ಲೋಟ, ಒಂದು ಖಾಲಿ ಲೋಟ, ಅವಳೇ ಸಮ ಮಾಡಿ ಬಗ್ಗಿಸುವವಳು, ಕಿಡ್ನೀನೂ ಬೈ-ಟು ಕಣಣ್ಣ, ಅಂದಳು, ಮೋಸ ಇಲ್ಲ, ಇಬ್ರಿಗೂ ಒಂದೊಂದು, ಆ ಖಾಲಿ ಲೋಟ ಅವಳ ಕಡೆಗಿತ್ತು.

ದೋಸೆ ಬಂತು, ಅರ್ಧ ಹೋಯಿತು, ರುಚಿ ತಿಳಿಯುತ್ತಿಲ್ಲ, ಗಾಜಿನಾಚೆ ಬಸ್ಸು ನಿಂತಿದೆ, ಇಳಿಯುತ್ತಿದ್ದಾಳೆ, ಕಂಬಿ ಹಿಡಿದು, ಊದಿದ ಕಾಲನ್ನು ಮೊದಲು ಕೆಳಗಿಟ್ಟು, ರಸ್ತೆ ದಾಟುವಷ್ಟು ಹೊತ್ತಿದೆ, ಉಳಿದದ್ದನ್ನು ಎರಡೇ ತುತ್ತಿಗೆ ನುಂಗುತ್ತೇನೆ, ತಟ್ಟೆಯನ್ನು ಪಕ್ಕದ ಮೇಜಿಗೆ ತಳ್ಳುತ್ತೇನೆ, ಬಂದು ಎದುರಿಗೆ ಕೂತಳು, ಇಡ್ಲಿ ತಿಂದ್ಯಾ ಅಣ್ಣ, ಹೂಂ, ಎರಡೇ, ಅವಳು ನನ್ನ ಬೆರಳುಗಳನ್ನು ನೋಡಿದಳು, ಬೆಣ್ಣೆ ಹೊಳೆಯುತ್ತಿತ್ತು, ಮುಚ್ಚಿಕೊಳ್ಳುವಷ್ಟರಲ್ಲಿ ನೋಡಿಯಾಗಿತ್ತು, ಬೈಯಲಿ, ಒಮ್ಮೆ ಬೈದುಬಿಡಲಿ, ಮಾದಪ್ಪ ಕೇಳದೆಯೇ ಬೈ-ಟು ತಂದಿಟ್ಟ, ಬಗ್ಗಿಸಿದಳು, ಯಾವತ್ತಿನ ಹಾಗೆ ಲೋಟಗಳನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಸಮ ನೋಡಿದಳು, ಆಮೇಲೆ ತನ್ನ ಪಾಲನ್ನು ನಿಧಾನವಾಗಿ ನನ್ನ ಲೋಟಕ್ಕೇ ಬಗ್ಗಿಸಿದಳು, ನೀನೇ ಕುಡಿ ಅಣ್ಣ, ನಂಗೆ ಮೈಯಲ್ಲಿ ನೀರು ಜಾಸ್ತಿ ಆಯ್ತದೆ, ತುಳುಕುವಷ್ಟು ತುಂಬಿದೆ ನನ್ನದು, ಎತ್ತಲಾರೆ, ಅವಳ ಮುಂದೆ ಆ ಲೋಟ, ತಳದಲ್ಲಿ ಒಂದಿಷ್ಟು ನೊರೆ, ನೊರೆಯೂ ಒಡೆಯುತ್ತಿದೆ, ಲೋಟ, ಖಾಲಿ ಲೋಟ