ಬುಸುಗುಟ್ಟದ ಹಾವು

ಮೃಗಾಲಯದ ಹಾವಿನ ಕೋಣೆಯಲ್ಲಿ ಅಕ್ಕನ ಕೆಲಸ ಎರಡೇ: ಆಹಾರ ಕೊಡುವುದು, ಪೆಟ್ಟಿಗೆಗಳ ಚಿಲಕ ನೋಡುವುದು. ಹಾಕಿದ ಚಿಲಕವನ್ನು ತೆಗೆದು ಮತ್ತೆ ಹಾಕದಿದ್ದರೆ ಅವಳ ಮನಸ್ಸಿಗೆ ಸಮಾಧಾನವಿಲ್ಲ. ಅಂದು ಬೆಳಿಗ್ಗೆಯೂ ಹಾಗೆಯೇ ದೂರದ ದ್ವೀಪವೊಂದರಿಂದ ತಂದ ಹಾವಿನ ಪೆಟ್ಟಿಗೆಯ ಚಿಲಕ ತೆಗೆದಿದ್ದಳು. ಮತ್ತೆ ಹಾಕುವ ಮೊದಲೇ ಗೋಡೆಯ ಫ್ಯಾನ್ ರಿಪೇರಿಗೆಂದು ಅವಳ ತಮ್ಮ ಬಾಗಿಲು ತಟ್ಟಿದ. ಅವನಿಗೆ ಏಣಿ ತೋರಿಸಿ, ಪಕ್ಕದ ಕೋಣೆಯಲ್ಲಿ ಸತ್ತ ಕೋಳಿಮರಿಯನ್ನು ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿಕೊಂಡು ಬಂದರೆ, ಪೆಟ್ಟಿಗೆ ಖಾಲಿ.

ಮೇಜಿನ ಕೆಳಗೆ, ಬಕೆಟ್ಟಿನ ಹಿಂದೆ, ಬಾಗಿಲ ಸಂದಿಯಲ್ಲಿ ಹುಡುಕಿದಳು.

"ಏನಕ್ಕಾ, ಮತ್ತೇನ್ ಕಳ್ಕೊಂಡೆ? ಕನ್ನಡಕ ಮೂಗಿನ ಮೇಲೇ ಇದೆ ನೋಡು," ಎಂದ ತಮ್ಮ ಏಣಿಯ ತುದಿಯಿಂದ.

ಆಗ ಹೊಳೆಯಿತು. ಆ ದ್ವೀಪದಲ್ಲಿ ಇಲಿಯಿಲ್ಲ, ಕಪ್ಪೆಯಿಲ್ಲ. ಸಮುದ್ರ ದಾಟಿ ಬಂದು, ದಣಿದು ಕೊಂಬೆಯ ಮೇಲೆ ಕೂರುವ ಹಕ್ಕಿಗಳೇ ಅದರ ಊಟ. ಅಂಥ ಹಾವು ನೆಲದಲ್ಲಿ ಏಕಿರುತ್ತದೆ?

ತಲೆಯೆತ್ತಿದಳು. ಗೋಡೆಯುದ್ದಕ್ಕೂ ಹೋಗಿದ್ದ ವೈರಿನ ಪೈಪಿಗೆ ಸುತ್ತಿಕೊಂಡು, ತಮ್ಮನ ಮೊಣಕೈಯಿಂದ ಒಂದು ಗೇಣು ದೂರದಲ್ಲಿ ಅದು ಕಾಯುತ್ತಿತ್ತು. ಬುಸುಗುಟ್ಟಲಿಲ್ಲ. ಶತ್ರುಗಳೇ ಇಲ್ಲದ ಜಾಗದಲ್ಲಿ ಹುಟ್ಟಿದ ಜಾತಿ. ಹೆದರಿಸಿ ಓಡಿಸುವ ಅಭ್ಯಾಸ ಅದಕ್ಕೆಲ್ಲಿಂದ ಬರಬೇಕು? ಕಚ್ಚಿದರೆ ಮಾತ್ರ, ಹಕ್ಕಿ ರೆಕ್ಕೆ ಬಿಚ್ಚುವ ಮೊದಲೇ ಸಾಯುವಂಥ ವಿಷ.

"ಕೈ ಅಲ್ಲಾಡಿಸ್ಬೇಡ."

"ಅಲ್ಲಾಡಿಸ್ದೆ ಸ್ಕ್ರೂ ತಾನಾಗೇ ತಿರುಗುತ್ತಾ? ಮೊನ್ನೆ ಕಳ್ಳ ಅಂದೆ, ನಿನ್ನೆ ಗ್ಯಾಸ್ ಲೀಕು ಅಂದೆ. ಇವತ್ತೇನು, ಹಾವಾ?"

"ಹೂಂ ಕಣೋ. ಹಾವು."

ನಗಲು ಬಾಯಿ ತೆರೆದವನು ಅವಳ ಮುಖ ನೋಡಿ ಹಾಗೇ ಉಳಿದ. ಎತ್ತಿದ ಕೈ ಮಾತ್ರ ನಿಲ್ಲಲಿಲ್ಲ. ಹಕ್ಕಿಯ ರೆಕ್ಕೆಯಂತೆ ಸಣ್ಣಗೆ ನಡುಗತೊಡಗಿತು. ಹಾವಿನ ತಲೆ ಮೆಲ್ಲನೆ ಅತ್ತ ತಿರುಗಿತು.

ಅಕ್ಕ ಉದ್ದನೆಯ ಇಕ್ಕಳದಲ್ಲಿ ಕೋಳಿಮರಿಯನ್ನು ಹಿಡಿದು ಸ್ಟೂಲು ಹತ್ತಿದಳು. ಜೀವವಿರುವ ಹಾಗೆ ಅದನ್ನು ಆಡಿಸಬೇಕಿತ್ತು. ಆಡಿಸುವ ಅಗತ್ಯವೇ ಬೀಳಲಿಲ್ಲ, ಅವಳ ಕೈ ತಮ್ಮನದಕ್ಕಿಂತ ಹೆಚ್ಚು ನಡುಗುತ್ತಿತ್ತು. ಕೋಳಿಮರಿ ಪಟಪಟನೆ ಬಡಿದುಕೊಂಡಿತು.

ಇಕ್ಕಳ ಜಗ್ಗಿತು. ಹಾವು ಕಚ್ಚಿತ್ತು, ಬಿಡಲಿಲ್ಲ. ಕಚ್ಚಿ ಬಿಟ್ಟರೆ ಹಕ್ಕಿ ಸಮುದ್ರದ ಪಾಲಾಗುವ ದ್ವೀಪದ್ದು ಅದು. ಪೈಪಿನ ಮೇಲೆ ಬಾಲದ ಹಿಡಿತ ಸಡಿಲವಾಗುವವರೆಗೆ ಅವಳು ಇಕ್ಕಳ ಬಿಡದೆ ನಿಂತಳು. ಆಮೇಲೆ ಇಳಿದು, ಎಲ್ಲವನ್ನೂ ಇಕ್ಕಳದ ಸಮೇತ ಪೆಟ್ಟಿಗೆಯೊಳಗೆ ಬಿಟ್ಟು ಚಿಲಕ ಹಾಕಿದಳು.

"ಅಕ್ಕಾ," ಎಂದ ತಮ್ಮ, ಇನ್ನೂ ಏಣಿಯ ಮೇಲೆಯೇ, "ಇನ್ನೊಂದ್ಸಲ ನೋಡು, ಸರಿಯಾಗಿ ಹಾಕಿದ್ಯಾ?"

ಅವಳ ಕೈ ಚಿಲಕದವರೆಗೂ ಹೋಯಿತು. ಥಟ್ಟನೆ ಹಿಂದಕ್ಕೆಳೆದು ಎರಡೂ ಕೈಗಳನ್ನು ಕಂಕುಳಲ್ಲಿ ಅವಿತಿಟ್ಟುಕೊಂಡಳು.

"ಮುಟ್ಟಲ್ಲ ಕಣೋ. ಕಣ್ಣಲ್ಲೇ ನೋಡ್ತೀನಿ."